ಆ ಪತ್ರ ಏಕೆ ಬೇಕಾಯಿತು?

ಕಾಲೇಜಿನ ಫೆಸ್ಟ್‌ಗೆ ಈ ಸಲ ನಮ್ಮ ತಂಡ ಷೇಕ್ಸ್‌ಪಿಯರ್‌ನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕವನ್ನು 40 ನಿಮಿಷಕ್ಕೆ ಇಳಿಸಿ ಆಡಿತು. ನನ್ನದು ಜೂಲಿಯೆಟ್‌ಳ ಅಮ್ಮನ ಪಾತ್ರ. ಪೀಣ್ಯದ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವ ಅಪ್ಪ, ಮೊದಲ ಶಿಫ್ಟ್ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು: ‘ಎಲ್ಲ ಸರಿ, ಆ ಹುಡುಗಿ ಅಪ್ಪನ ಹತ್ತಿರ ಒಂದು ಮಾತು ಹೇಳಬಹುದಿತ್ತಲ್ಲ?’

ಆಗ ನನಗೆ ಉತ್ತರ ಹೊಳೆಯಲಿಲ್ಲ.

ಪ್ರೇಮಿಗಳ ಸಾವಿಗೆ ಮೇಲ್ನೋಟಕ್ಕೆ ಕಾಣುವ ಕಾರಣ, ತಲುಪದೇ ಹೋದ ಒಂದು ಪತ್ರ. ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಎಂದು ರೋಮಿಯೊಗೆ ತಿಳಿಸಲು ಪಾದ್ರಿ ಬರೆದದ್ದು. ಒಯ್ಯಬೇಕಾದವನನ್ನು ಪ್ಲೇಗ್ ಭಯದಿಂದ ದಾರಿಯಲ್ಲೇ ಕೂಡಿಹಾಕುತ್ತಾರೆ. ಹಾಗಾಗಿ ‘ಎಲ್ಲ ಹಣೆಬರಹ’ ಎಂದುಬಿಡುವುದು ಸುಲಭ.

ಆದರೆ ರಿಹರ್ಸಲ್‌ನಲ್ಲಿ ನನಗೆ ಕಂಡದ್ದು ಬೇರೆ. ಮೊದಲಿಗೆ ಆ ಅಪ್ಪ ಒಳ್ಳೆಯವನೇ. ‘ಮಗಳು ಇನ್ನೂ ಚಿಕ್ಕವಳು, ಅವಳ ಒಪ್ಪಿಗೆಯೂ ಮುಖ್ಯ’ ಎನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ಅದೇ ಮಗಳು ತಾನು ಆರಿಸಿದ ವರನನ್ನು ಬೇಡವೆಂದಾಗ, ಬೀದಿಗೆ ತಳ್ಳುವುದಾಗಿ ಅಬ್ಬರಿಸುತ್ತಾನೆ. ಅವಳು ಅಮ್ಮನತ್ತ ತಿರುಗಿ, ಮದುವೆಯನ್ನು ಒಂದು ವಾರವಾದರೂ ಮುಂದೂಡಿ ಎಂದು ಬೇಡುತ್ತಾಳೆ. ಆಗ ನಾನು ‘ನನ್ನ ಹತ್ತಿರ ಮಾತಾಡಬೇಡ’ ಎಂದು ಎದ್ದು ಹೋಗಬೇಕು. ಪ್ರತಿ ಸಲವೂ ಆ ನಾಲ್ಕು ಹೆಜ್ಜೆ ಕಷ್ಟವಾಗುತ್ತಿತ್ತು. ಮನೆಯಲ್ಲಿ ಹೇಳಿಕೊಳ್ಳುವಂತಿದ್ದರೆ ಆ ಮದ್ದೂ ಬೇಕಿರಲಿಲ್ಲ, ಆ ಪತ್ರವೂ ಬೇಕಿರಲಿಲ್ಲ. ಮಕ್ಕಳ ಹೆಣದ ಮುಂದೆ ಇಬ್ಬರು ಅಪ್ಪಂದಿರೂ ಕೈ ಹಿಡಿದು, ಚಿನ್ನದ ಪ್ರತಿಮೆ ಮಾಡಿಸುವ ಮಾತಾಡುತ್ತಾರೆ. ಬದುಕಿದ್ದಾಗ ಒಂದು ಮಾತು ಕೇಳಿಸಿಕೊಂಡಿದ್ದರೆ ಸಾಕಿತ್ತು.

19ನೇ ಶತಮಾನದಲ್ಲೇ ಈ ನಾಟಕ ‘ರಾಮವರ್ಮ ಲೀಲಾವತಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತ್ತು. ಅದರಲ್ಲಿ ಕೊನೆಯನ್ನು ಸುಖಾಂತವಾಗಿ ಬದಲಿಸಲಾಗಿತ್ತು. ರಂಗದ ಮೇಲೆ ಹಾಗೆ ಬದುಕಿಸಬಹುದು. ಹೊರಗೆ? ಜಾತಿ ಮೀರಿ ಪ್ರೀತಿಸಿದ ಮಗಳನ್ನು ಹೆತ್ತವರೇ ಕೊಂದ ಸುದ್ದಿಯನ್ನು ಇದೇ ಕರ್ನಾಟಕದಲ್ಲಿ ನಾವು ಓದುತ್ತಲೇ ಇದ್ದೇವೆ. ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಕುಟುಂಬದ, ಸಮುದಾಯದ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಇದೇ ನೆಲದಲ್ಲಿ ಬೇರೆ ಬಗೆಯ ಅಪ್ಪಂದಿರೂ ಇದ್ದರು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕೆ ಒಪ್ಪಿದ ತಪ್ಪಿಗೆ ಈ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು ಎನ್ನುತ್ತದೆ ಶರಣರ ಕಥನ. ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲೂ ಈ ಪ್ರಸಂಗವಿದೆ. ವೆರೋನಾದ ಅಪ್ಪಂದಿರು ಹಟಕ್ಕೆ ಮಕ್ಕಳನ್ನು ಕಳೆದುಕೊಂಡರು, ಕಲ್ಯಾಣದ ಅಪ್ಪಂದಿರು ಮಕ್ಕಳ ಪರ ನಿಂತು ಪ್ರಾಣ ಕೊಟ್ಟರು. ‘ಸಮಾಜಕ್ಕೆ ಹೆದರಬೇಕಲ್ಲಮ್ಮಾ’ ಎನ್ನುವ ಹೆತ್ತವರಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಮನೆಯಲ್ಲೂ ಒಂದು ಹೆಸರು ಎತ್ತುವಂತಿಲ್ಲ. ದೊಡ್ಡಪ್ಪನ ಮಗಳು, ನನ್ನನ್ನು ಎತ್ತಿ ಆಡಿಸಿದ ಅಕ್ಕ. ಬೇರೆ ಜಾತಿಯವರನ್ನು ಮದುವೆಯಾಗಿ ನಾಲ್ಕು ವರ್ಷವಾಯಿತು. ವೈಟ್‌ಫೀಲ್ಡ್‌ನಲ್ಲಿದ್ದಾಳೆ. ಪುಣ್ಯಕ್ಕೆ ಚೆನ್ನಾಗಿದ್ದಾಳೆ. ಅವಳ ಮಗುವಿನ ಫೋಟೊ ನನ್ನ ಫೋನಿನಲ್ಲಿದೆ, ಮನೆಯವರು ಯಾರೂ ನೋಡಿಲ್ಲ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ: ‘ಅಪ್ಪಾ, ಆ ಹುಡುಗಿ ಹೇಳಿದ್ದರೂ ಅವರಪ್ಪ ಕೇಳುತ್ತಿರಲಿಲ್ಲ. ಅಕ್ಕ ಹೇಳಿದಾಗ ನಾವು ಕೇಳಿದೆವಾ?’ ಫೋಟೊ ತೆಗೆದು ತಟ್ಟೆಯ ಪಕ್ಕ ಇಟ್ಟೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದರು. ಅಪ್ಪ ಏನೂ ಅನ್ನದೆ ಊಟ ಮುಗಿಸಿ ಎದ್ದರು.

ಕೈ ತೊಳೆದು ಬಂದವರು ಕೇಳಿದರು: ‘ವೈಟ್‌ಫೀಲ್ಡ್‌ಗೆ ಮೆಟ್ರೊದಲ್ಲಿ ಹೋಗಬೇಕಂದ್ರೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕಾ?’