ಪೂಜೆಯ ಕೋಣೆಯ ಒದ್ದೆ ಗೋಡೆ

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯಲ್ಲಿ ನೀರು ಸೋರುವುದೆಂದರೆ ಸಣ್ಣ ಮಾತಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸಾವಿರ ಅಡಿಗೂ ಆಳದ ಕೊಳವೆಬಾವಿಗಳನ್ನು ನಂಬಿದ ಮನೆಗಳೆಷ್ಟೋ! 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬಂದಿದೆಯಾದರೂ ಅದು ಅಂತರ್ಜಲದ ಮರುಪೂರಣಕ್ಕೇ ಹೊರತು ಮನೆಯ ನಲ್ಲಿಗಲ್ಲ.

ಮುಳಬಾಗಿಲಿನ ನಮ್ಮ ಮನೆಯಲ್ಲಿ ಹಂಡೆಯ ಒಲೆಯನ್ನು ತೆಗೆಸಿ, ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಕೂರಿಸಿದ ತಿಂಗಳೊಳಗೆ, ಬಚ್ಚಲಿಗೆ ಹೊಂದಿಕೊಂಡ ಪೂಜೆಯ ಕೋಣೆಯ ಗೋಡೆ ಒದ್ದೆಯಾಗತೊಡಗಿತು. ಮಳೆಯ ನೀರೆಂದು ಭಾವಿಸಿ ಮಾಳಿಗೆಯ ಬಿರುಕುಗಳನ್ನು ಮುಚ್ಚಿಸಿದೆವು. ಹಣ ಹೋಯಿತು, ಒದ್ದೆ ಹೋಗಲಿಲ್ಲ. ನಲ್ಲಿ ಕೆಲಸದವರು ಸಂಜೆ ಬಂದು ನೋಡಿದಾಗಲೆಲ್ಲ ಹೊಸ ಸೋರಿಕೆಯ ಸುಳಿವೇ ಇರುತ್ತಿರಲಿಲ್ಲ.

ಗುಟ್ಟನ್ನು ಹಿಡಿದವಳು ನಮ್ಮ ಸೊಸೆ. "ಮಾವನವರೇ, ಎಲ್ಲರ ಸ್ನಾನವಾದ ಮೇಲೆಯೇ ಗೋಡೆ ನೆನೆಯುತ್ತದೆ, ಮೋಡ ಮುಸುಕಿದ ದಿನಗಳಲ್ಲಿ ನೆನೆಯುವುದಿಲ್ಲ" ಎಂದಳು. ಮಳೆಯನ್ನು ಶಂಕಿಸಿದ್ದ ನಮ್ಮ ಪಾಂಡಿತ್ಯಕ್ಕೆ ನಾಚಿಕೆಯಾಯಿತು! ಬಿಸಿನೀರಿನ ವಾಲ್ವನ್ನು ಮೂರು ದಿನ ಮುಚ್ಚಿದೆವು. ಗೋಡೆ ಒಣಗುತ್ತ ಬಂತು. ಗಾರೆ ಒಡೆಸಿದಾಗ ಕಂಡದ್ದು, ತಣ್ಣೀರಿಗೆಂದು ಹಿಂದೆ ಹಾಕಿಸಿದ್ದ ಪಿವಿಸಿ ಕೊಳವೆಯ ಮೊಳದುದ್ದದ ತುಂಡು. ಹೊಸ ಕೊಳವೆಯನ್ನು ಅದಕ್ಕೇ ಜೋಡಿಸಿಬಿಟ್ಟಿದ್ದರು.

ಪಿವಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಬಲಗುಂದುತ್ತದೆ. ಬಿಸಿಲಿನ ದಿನ ಹೀಟರಿನ ನೀರು ಅದನ್ನೂ ಮೀರುವುದುಂಟು. ನೀರು ಹರಿದಾಗ ಕೀಲು ಸಡಿಲ, ತಣಿದಾಗ ಮತ್ತೆ ಬಿಗಿ. 90 ಡಿಗ್ರಿಯವರೆಗೆ ತಾಳುವ ಸಿಪಿವಿಸಿ ಕೊಳವೆಯನ್ನು ಬಚ್ಚಲಿನ ತನಕವೂ ಹಾಕಿಸಬೇಕು. ಗಾರೆ ಮುಚ್ಚುವ ಮುನ್ನ ಬಿಸಿನೀರು ಹರಿಸಿಯೇ ಪರೀಕ್ಷಿಸಬೇಕು. ನಾವು ಹಾಗೆ ಮಾಡಿಸಿ ಎರಡು ತಿಂಗಳಾಯಿತು. ಗೋಡೆಗೆ ಸುಣ್ಣವನ್ನು ಮಾತ್ರ ಇನ್ನೂ ಬಳಿಸಿಲ್ಲ; ಬೇಸಗೆಯ ಬಿಸಿಲನ್ನೊಮ್ಮೆ ನೋಡಿಕೊಳ್ಳೋಣವೆಂದಿದ್ದಾಳೆ ಸೊಸೆ.