ಗಜನಿಯ ದಂಡೆಯಲ್ಲೊಂದು ಗುಡಿಸಲು ಗುರುತು

ಇಳಿತದ ಹೊತ್ತು. ಸಮುದ್ರ ಸೇರಲು ಇನ್ನೇನು ನಾಲ್ಕು ಹೆಜ್ಜೆ ಎನ್ನುವಲ್ಲಿ ಅಘನಾಶಿನಿ ಕಾಗಾಲದ ಬದಿಗೆ ಮೈ ಚಾಚಿ ಮಲಗಿದೆ. ನೀರು ಜಾರಿದ ಕೆಸರಿನಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು, ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ಬಳಚು ಹೆಕ್ಕುತ್ತಿದ್ದಾರೆ. ಕಾಂಡ್ಲ ಗಿಡಗಳ ಬೇರಿನ ನಡುವೆ ಏಡಿಗಳ ಓಡಾಟ. ಕಟ್ಟೆಯ ಈಚೆಗೆ ಗಜನಿ, ಉಪ್ಪುನೀರಿನ ಗದ್ದೆ. ಕಗ್ಗ ಭತ್ತದ ಕೊಯ್ಲು ಮುಗಿದಿದೆ. ಇಲ್ಲಿ ಪೈರನ್ನು ಬುಡದಿಂದ ಕೊಯ್ಯುವುದಿಲ್ಲ, ತೆನೆಯನ್ನಷ್ಟೇ ಕೊಯ್ದುಕೊಳ್ಳುತ್ತಾರೆ. ಹುಲ್ಲು ಉಪ್ಪುನೀರಿನಲ್ಲೇ ಕೊಳೆತು ಮೀನಿಗೆ, ಸಿಗಡಿಗೆ, ಮುಂದಿನ ಬೆಳೆಗೆ ಆಗುತ್ತದೆ.

ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಎಂಬತ್ತರ ಹತ್ತಿರದ ಪ್ರಾಯ. ಚುನಾವಣೆಯ ಮಾತು ತೆಗೆದರೆ ಮೊನ್ನೆಯದನ್ನು ಬಿಟ್ಟು ಹಿಂದಕ್ಕೆ ಹೋಗುತ್ತಾರೆ. "ಆಗ ಡಬ್ಬಿ ಬೇರೆ ಬೇರೆ ಇರ್ತಿತ್ತು ತಮಾ. ಎತ್ತಿನ ಡಬ್ಬಿ ಒಂದು, ಮತ್ತೊಬ್ಬಂದು ಮತ್ತೊಂದು. ಅವ್ವಿ ಯಾವ್ದಕ್ಕೆ ಹಾಕಿದ್ಲು ಅಂತ ಸಾಯೂವರೆಗೂ ಹೇಳ್ಲಿಲ್ಲ."

ಅಜ್ಜನ ನೆನಪು ಸರಿಯಾಗಿದೆ. 1952ರಲ್ಲೂ 1957ರಲ್ಲೂ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಓದು ಬಾರದವರು ಚಿತ್ರ ನೋಡಿ ಚೀಟಿ ಹಾಕಬೇಕು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ ಗುಡಿಸಲು. ಬೆಳೆದದ್ದರಲ್ಲಿ ಒಡೆಯರ ಪಾಲನ್ನು ಕೊಳಗದಲ್ಲಿ ಅಳೆದುಕೊಟ್ಟು ಉಳಿದದ್ದರಲ್ಲಿ ವರ್ಷ ನೂಕುತ್ತಿದ್ದ ಗೇಣಿದಾರನ ಹೆಂಡತಿಗೆ ಆ ಎರಡು ಚಿತ್ರಗಳೂ ತನ್ನ ಮನೆಯವೇ. ತಾಯಿ ಬಾಯಿ ಬಿಡದೆ ಹೋದದ್ದು ಏಕೆಂದು ನನಗೆ ಅರ್ಥವಾಗುತ್ತದೆ. ಓಟಿನ ಸುದ್ದಿ ಒಡೆಯರ ಅಂಗಳ ಮುಟ್ಟಿದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಯಾರದು?

1952ರಲ್ಲಿ ಸೋಷಲಿಸ್ಟ್ ಪಕ್ಷವೂ ಕಿಸಾನ್ ಮಜ್ದೂರ್ ಪ್ರಜಾ ಪಕ್ಷವೂ ಕೂಡಿ ಆದದ್ದು ಈ ಗುಡಿಸಲಿನ ಪಕ್ಷ. ಮೈಸೂರು ರಾಜ್ಯದ 208 ಸ್ಥಾನಗಳಲ್ಲಿ 1957ರಲ್ಲಿ 18, 1962ರಲ್ಲಿ 20; 1967ರಲ್ಲಿ 216 ಸ್ಥಾನಗಳಲ್ಲಿ ಮತ್ತೆ 20. ಅಲ್ಲಿಂದ ಮೇಲೇರಲಿಲ್ಲ. ನಡುವೆ ಒಡೆದು ಸಂಯುಕ್ತ ಸೋಷಲಿಸ್ಟ್ ಪಕ್ಷ ಬೇರೆಯಾಯಿತು. 1971ರಲ್ಲಿ ಎರಡೂ ಸೇರಿ ಮತ್ತೆ ಸೋಷಲಿಸ್ಟ್ ಪಕ್ಷವಾಗಿ, 1972ರಲ್ಲಿ ರಾಜ್ಯದಲ್ಲಿ ಗೆದ್ದದ್ದು ಮೂರೇ ಸ್ಥಾನ, ಮೂರೂ ಘಟ್ಟದ ಮೇಲಿನ ಶಿವಮೊಗ್ಗ ಜಿಲ್ಲೆಯವು: ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಉತ್ತು ಬಿಟ್ಟ ನೆಲ ಅದು.

ಘಟ್ಟದ ಕೆಳಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗೇಣಿದಾರರನ್ನು ಸಂಘಟಿಸುವ ಕೆಲಸಕ್ಕೆ ಮೊದಲು ಕೈ ಹಚ್ಚಿದ್ದು ಚಿಹ್ನೆಯೇ ಇಲ್ಲದ ಒಂದು ಸಂಘಟನೆ, ರೈತ ಕೂಟ. ಅದನ್ನು ಕಟ್ಟಿದವರು ಅಂಕೋಲೆಯ ದಿನಕರ ದೇಸಾಯಿ. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು. ಚುಟುಕಗಳಿಂದ ಇಡೀ ನಾಡಿಗೆ ಪರಿಚಿತರು. ಗೇಣಿ ಇಳಿಸಿ, ಬಿಟ್ಟಿ ಚಾಕರಿ ನಿಲ್ಲಿಸಿ ಎಂದು ರೈತರನ್ನು ಒಟ್ಟುಗೂಡಿಸಿದ್ದಕ್ಕೆ ಮುಂಬಯಿ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷ ಹುಟ್ಟೂರಿಗೆ ಕಾಲಿಡುವಂತಿಲ್ಲ. ಅವರು ಮುಂಬಯಿಯಲ್ಲಿ ಕೈ ಕಟ್ಟಿ ಕೂರಲಿಲ್ಲ, ಹಡಗಿನ ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. ಮರಳಿದ ಮೇಲೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್, 1955ರಲ್ಲಿ 'ಜನಸೇವಕ' ವಾರಪತ್ರಿಕೆ, ಊರೂರಲ್ಲಿ ಜನತಾ ವಿದ್ಯಾಲಯಗಳು, 1966ರಲ್ಲಿ ಅಂಕೋಲೆಗೆ ಗೋಖಲೆ ಶತಮಾನೋತ್ಸವ ಕಾಲೇಜು. ಗೇಣಿ ಲೆಕ್ಕ ಓದಲು ಬಾರದವನ ಮಗ ಕಾಲೇಜಿನ ಮೆಟ್ಟಿಲು ಹತ್ತಿದ.

ಕೆನರಾ ಲೋಕಸಭಾ ಕ್ಷೇತ್ರ 1952ರಿಂದ ಮೂರು ಸಲವೂ ಕಾಂಗ್ರೆಸ್ಸಿನ ಜೋಕಿಂ ಆಳ್ವರದ್ದು. 1967ರಲ್ಲಿ ದೇಸಾಯಿಯವರು ಯಾವ ಪಕ್ಷದ ಹೆಸರೂ ಹೊರದೆ ಪಕ್ಷೇತರರಾಗಿ ನಿಂತು ಗೆದ್ದರು. ಈ ಗೆಲುವನ್ನು ನಾನು ರೈತ ಕೂಟದ ಖಾತೆಗೇ ಬರೆಯುತ್ತೇನೆ. ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ, ಗದ್ದೆಯ ಹಾಳಿಯ ಮೇಲೆ ಕಾಲು ಶತಮಾನ ನಡೆದದ್ದರ ಫಲ ಅದು. ಅದೇ ಲೋಕಸಭೆಗೆ ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಜೆ.ಎಚ್. ಪಟೇಲರು ಹೋಗಿ ಕನ್ನಡದಲ್ಲಿ ಮಾತನಾಡಿದ್ದನ್ನೂ ನೆನೆಯಬೇಕು. 1971ರಲ್ಲಿ ಕ್ಷೇತ್ರ ತಿರುಗಿ ಕಾಂಗ್ರೆಸ್ಸಿನ ಬಿ.ವಿ. ನಾಯಕರಿಗೆ ಹೋಯಿತು.

"ಮತ್ತೆ ಡಿಕ್ಲರೇಶನ್ ಬಂತಲ್ಲ," ಎಂದು ಅಜ್ಜ ಎದ್ದು ಮನೆಗೆ ನಡೆದರು. ನಾನೂ ಹಿಂದೆ ಹೋದೆ.

ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ 7ನೇ ನಮೂನೆಯ ಅರ್ಜಿ (ಅಜ್ಜನ ಬಾಯಲ್ಲಿ ಡಿಕ್ಲರೇಶನ್) ಕೊಡಬೇಕು, ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಹೀಗಾಗಿ ಒಡೆಯನೂ ಒಕ್ಕಲೂ ತಮ್ಮ ತಮ್ಮ ಬಾಯಿಂದಲೇ ಹೇಳಬೇಕಾಯಿತು. ತಲೆತಲಾಂತರದಿಂದ ಜಗಲಿಯ ಕೆಳಗೆ ನಿಂತವನಿಗೆ ಸರಿಸಮ ನಿಂತು ಮಾತಾಡುವುದು ಎಷ್ಟು ಕಷ್ಟವಾಗಿತ್ತೋ! ಸೋಷಲಿಸ್ಟ್ ನಾಯಕ ಶಾಂತವೇರಿ ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು, ಈ ದಿನವನ್ನು ಕಾಣಲಿಲ್ಲ. ದೇಸಾಯಿಯವರು ಕಂಡರು; 1982ರವರೆಗೆ ಬದುಕಿದ್ದರು. ಚುನಾವಣೆಯಲ್ಲಿ ಮೂರಕ್ಕಿಳಿದವರ ಬೇಡಿಕೆ ಗೆದ್ದವರ ಕಾನೂನಾಗಿ ಬಂದಿತ್ತು. ಆ ಕಾನೂನನ್ನು ಅರಸರ ಹೆಸರಿನಲ್ಲಿ ಮಾತ್ರ ಹೇಳಿ ಮುಗಿಸುವಾಗಲೆಲ್ಲ ನನಗೆ ನೋವಾಗುತ್ತದೆ.

1977ರಲ್ಲಿ ಸೋಷಲಿಸ್ಟ್ ಪಕ್ಷ ಜನತಾ ಪಕ್ಷದಲ್ಲಿ ಕರಗಿತು. ಅದರ ದೂರದ ಟಿಸಿಲಾದ ಜೆಡಿಎಸ್ 2023ರಲ್ಲಿ ಈ ಊರು ಸೇರುವ ಕುಮಟಾ ಕ್ಷೇತ್ರದಲ್ಲಿ ಸೋತದ್ದು 676 ಮತಗಳಿಂದ. ಗೇಣಿಯ ಮಾತು ಮಾತ್ರ ಈಗ ಯಾರ ಪ್ರಚಾರದಲ್ಲೂ ಇಲ್ಲ. ಗಜನಿಯಲ್ಲಿ ಹಲವು ಕಡೆ ಕಗ್ಗ ಹೋಗಿ ಸಿಗಡಿ ಕೆರೆ ಬಂದಿದೆ.

ಮನೆಯ ಜಗಲಿಯ ಮೂಲೆಯಲ್ಲಿ ಕೊಳಗವಿತ್ತು. ಮರದ್ದು, ಅಂಚಿಗೆ ಕಬ್ಬಿಣದ ಪಟ್ಟಿ, ಒಳಮೈ ಭತ್ತ ಉಜ್ಜಿ ಉಜ್ಜಿ ಕನ್ನಡಿಯಂತಾಗಿದೆ. ಗೇಣಿ ಅಳೆದ ಕೊಳಗವೇ ಎಂದು ಕೇಳಿದೆ. ಅಜ್ಜ ಹೌದೆಂದು ತಲೆಯಾಡಿಸಿ ಒಳಗೆ ಕೈ ಹಾಕಿದರು. ಒಂದು ಮುಷ್ಟಿ ಕೆಂಪು ಕಗ್ಗದ ಭತ್ತ ಮೇಲೆ ಬಂತು.

"ಬೀಜಕ್ಕೆ ಇಟ್ಟದ್ದು. ಬರೂ ಮಳೆಗೆ ನಮ್ಮ ಗದ್ದೆಗೇ ಹಾಕೂದು."