ಎಡ್ಮಂಡ್ ರಫಿನ್: ಮಣ್ಣಿನ ಹುಳಿ ಕಳೆದ ಗುಲಾಮರ ಒಡೆಯ

ವರ್ಜೀನಿಯಾದ ಕೃಷಿಕ ಎಡ್ಮಂಡ್ ರಫಿನ್ (1794–1865) ಹೆಸರು ಅಮೆರಿಕದ ಅಂತರ್ಯುದ್ಧದ ಕತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಕೆಲವು ತಪ್ಪು ನಂಬಿಕೆಗಳೂ ಬರುತ್ತವೆ.

ತಪ್ಪು ಕಲ್ಪನೆ: ಆ ಯುದ್ಧದ ಮೊದಲ ಗುಂಡು ಹಾರಿಸಿದವನು ರಫಿನ್.

ವಾಸ್ತವ: 1861ರ ಏಪ್ರಿಲ್ 12ರ ನಸುಕಿನಲ್ಲಿ ಉತ್ತರದ ಸೇನೆಯಿದ್ದ ಸಮ್ಟರ್ ಕೋಟೆಯ ಮೇಲಿನ ದಕ್ಷಿಣದವರ ದಾಳಿಗೆ ಸಂಕೇತದ ಗುಂಡು ಸಿಡಿದದ್ದು ಜಾನ್ಸನ್ ಕೋಟೆಯಿಂದ. 67 ವರ್ಷದ ರಫಿನ್ ಮಾರಿಸ್ ದ್ವೀಪದ ಫಿರಂಗಿಗೆ ಕಿಡಿ ಕೊಟ್ಟದ್ದು ಅದರ ನಂತರ.

ತಪ್ಪು ಕಲ್ಪನೆ: ದಕ್ಷಿಣದ ದಂಡನಾಯಕ ಲೀ ಶರಣಾದ ಸುದ್ದಿ ಕೇಳಿದೊಡನೆ ರಫಿನ್ ಆತ್ಮಹತ್ಯೆ ಮಾಡಿಕೊಂಡ.

ವಾಸ್ತವ: ಲೀ ಶರಣಾದದ್ದು 1865ರ ಏಪ್ರಿಲ್ 9ರಂದು. ರಫಿನ್ ಸತ್ತದ್ದು ಜೂನ್ ಮಧ್ಯದಲ್ಲಿ. ಅದು ಆ ಗಳಿಗೆಯ ಆವೇಶವಲ್ಲ. ದಿನಚರಿಯ ಕೊನೆಯ ಬರಹದಲ್ಲೂ ಉತ್ತರದವರ ಮೇಲಿನ ದ್ವೇಷವನ್ನೇ ತುಂಬಿಟ್ಟಿದ್ದ.

ತಪ್ಪು ಕಲ್ಪನೆ: ರಫಿನ್ ಶಾಸನಸಭೆಯಲ್ಲಿ ಪಳಗಿದ ರಾಜಕಾರಣಿ.

ವಾಸ್ತವ: 1823ರಲ್ಲಿ ವರ್ಜೀನಿಯಾ ಸೆನೆಟಿಗೆ ಆಯ್ಕೆಯಾದ, ಅವಧಿ ಮುಗಿಯುವ ಮೊದಲೇ ಬಿಟ್ಟು ಬಂದ. ಆತನ ಪ್ರಭಾವವೆಲ್ಲ ಬರಹದ್ದು.

ತಪ್ಪು ಕಲ್ಪನೆ: ಸೊರಗಿದ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಸುರಿದರೆ ಸಾಕು ಎಂಬುದನ್ನು ಆತ ತೋರಿಸಿಕೊಟ್ಟ.

ವಾಸ್ತವ: ತೋರಿಸಿದ್ದು ಅದಕ್ಕೆ ವಿರುದ್ಧ. ತಲೆಮಾರುಗಳ ಬೇಸಾಯದಿಂದ ಬಸವಳಿದ ಆತನ ನೆಲ ಎಷ್ಟು ಗೊಬ್ಬರ ಹಾಕಿದರೂ ಚೇತರಿಸಿಕೊಳ್ಳಲಿಲ್ಲ. ಹಂಫ್ರಿ ಡೇವಿಯ ಕೃಷಿ ರಸಾಯನಶಾಸ್ತ್ರ ಓದಿದ ರಫಿನ್, ರೋಗ ಇರುವುದು ಮಣ್ಣಿನ ಹುಳಿಯಲ್ಲಿ ಎಂದು ಗುರುತಿಸಿದ. ಹಳೆಯ ಕಡಲಚಿಪ್ಪುಗಳು ಬೆರೆತ, ಸುಣ್ಣಾಂಶ ತುಂಬಿದ ಮಾರ್ಲ್ ಎಂಬ ಮಣ್ಣನ್ನು 1818ರಲ್ಲಿ ಹೊಲಕ್ಕೆ ಹರಡಿಸಿದಾಗ ಮೆಕ್ಕೆಜೋಳದ ಇಳುವರಿ ಸುಮಾರು ಶೇಕಡಾ 40ರಷ್ಟು ಏರಿತು. ಹುಳಿ ಕಳೆದ ಮೇಲೆಯೇ ಗೊಬ್ಬರವೂ ಕೆಲಸ ಮಾಡಿತು. 1832ರಲ್ಲಿ ಇದನ್ನೆಲ್ಲ ಪುಸ್ತಕವಾಗಿಸಿದ. ಮಲೆನಾಡಿನ ತೋಟಕ್ಕೆ ಸುಣ್ಣ ಹಾಕುವವರಿಗೆ ಈ ವಿದ್ಯೆ ಗೊತ್ತು. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಶೋಧ.

ತಪ್ಪು ಕಲ್ಪನೆ: ಆತನ ಕೃಷಿವಿಜ್ಞಾನ ಬೇರೆ, ಗುಲಾಮಗಿರಿಯ ಪರವಾದ ರಾಜಕೀಯ ಬೇರೆ.

ವಾಸ್ತವ: ಇದನ್ನು ನಾನು ಒಪ್ಪಲಾರೆ. ಮೇಲ್ಮಣ್ಣು ಸರಿಸಿ, ಮಾರ್ಲ್ ಅಗೆದು, ಗಾಡಿಗೆ ತುಂಬಿ, ಎಕರೆಗಟ್ಟಲೆ ಹರಡಿದ ಕೈಗಳು ಗುಲಾಮರವು. ಪುಸ್ತಕದ ಮೇಲೆ ಒಡೆಯನ ಹೆಸರು ಉಳಿಯಿತು, ಅವರದಲ್ಲ. ನೆಲ ಸೊರಗಿದ್ದರಿಂದ ಜಮೀನ್ದಾರರು ಗುಲಾಮರ ಸಮೇತ ಪಶ್ಚಿಮಕ್ಕೂ ದಕ್ಷಿಣಕ್ಕೂ ಗುಳೆ ಹೋಗುತ್ತಿದ್ದರು. ವರ್ಜೀನಿಯಾದ ಬಲ ಕುಗ್ಗುತ್ತಿತ್ತು. ಮಣ್ಣು ಉಳಿಸುವುದೆಂದರೆ ರಫಿನ್‌ಗೆ ಗುಲಾಮಗಿರಿಯ ವ್ಯವಸ್ಥೆಯನ್ನೂ ಉಳಿಸುವುದಾಗಿತ್ತು. ಆದರೆ 1862ರಲ್ಲಿ ಉತ್ತರದ ಸೇನೆ ಹತ್ತಿರ ಬಂದಾಗ ರಫಿನ್ ಕುಟುಂಬದ ಜಮೀನುಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ಹೊಲ ಬಿಟ್ಟು ಆ ಸೇನೆಯ ಕಡೆಗೆ ನಡೆದರು.